ಮೇಲಿನ ಪದರ

ನಮ್ಮ ಸುಡುಗಾಡಿನಲ್ಲಿ ಪರಂಪರೆ ಏನೂ ಇಲ್ಲ ಎಂದು ಬರೆದುಕೊಡುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡಿದ್ದರು. ದಿನಗೂಲಿ. ಮಧ್ಯಾಹ್ನದ ಊಟ ಅವರದೇ.

ಸುಡುಗಾಡು ಎನ್ನುತ್ತೇವೆ, ಆದರೆ ಸುಡುವುದಿಲ್ಲ. ಹೂಳುತ್ತೇವೆ. ಸುಡಲು ಸೌದೆ ಬೇಕು. ನಾವು ಮಾದಿಗರು. ಸಂಡೂರಿನಿಂದ ಹೊಸಪೇಟೆಗೆ ಹೋಗುವ ಅದಿರಿನ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮೊದಲು ಮೇಲಿನ ಕೇರಿ. ಆಮೇಲೆ ಅವರ ತಿಪ್ಪೆಗಳು. ಆಮೇಲೆ ನಾವು. ನಮ್ಮ ಆಚೆ ನಮ್ಮ ಸತ್ತವರು. ಅದರಾಚೆ ಬೋಳುಗುಡ್ಡ.

ಎರಡು ಸಾವಿರದ ಏಳನೇ ಇಸವಿ. ಹಗಲು ರಾತ್ರಿ ಟಿಪ್ಪರ್. ರಸ್ತೆ ಕೆಂಪು, ಬೇಲಿ ಕೆಂಪು, ಎಮ್ಮೆ ಕೆಂಪು. ಉಗುಳಿದರೆ ಕೆಂಪು. ನನ್ನ ಗಂಡ ಯಲ್ಲೇಶ್ ಟಿಪ್ಪರ್ ಓಡಿಸುತ್ತಿದ್ದ. ರಸ್ತೆ ಬದಿಗೆ ನಿಲ್ಲಿಸಿ ಟೈರು ಬಿಚ್ಚುತ್ತಿದ್ದಾಗ ಹಿಂದಿನಿಂದ ಇನ್ನೊಂದು ಟಿಪ್ಪರ್ ಬಂತು. ಮಾಲೀಕ ಹೂವಿನ ಹಾರ ಕಳಿಸಿದ. ಹಾರದ ಮೇಲೂ ಧೂಳಿತ್ತು. ನನಗೆ ಅಳು ಬರಲಿಲ್ಲ. ಹೆಂಗಸರು ಸುತ್ತ ಕೂತು ಕಾದರು. ಬರಲಿಲ್ಲ. ಎದ್ದು ಹೋದರು.

ಆಮೇಲೆ ಅದಿರು ಒಡೆಯಲು ಹೋದೆ. ಮೇಲಿನ ಕೇರಿಯ ಜಡೆಪ್ಪ ಗೌಡರು ಜೋಳದ ಹೊಲ ಅಗೆಸಿ ಅದಿರು ತೆಗೆಸುತ್ತಿದ್ದರು. ಒಂದು ಸುತ್ತಿಗೆ, ಒಂದು ಕಲ್ಲು, ಬಿಸಿಲು. ಅಂಗೈಯಲ್ಲಿ ಬೊಕ್ಕೆ ಎದ್ದವು, ಒಡೆದವು, ಗಟ್ಟಿಯಾದವು. ನಾನು ಪ್ರಾಚೀನ ಇತಿಹಾಸ ಮತ್ತು ಪುರಾತತ್ವದಲ್ಲಿ ಎಂ.ಎ. ಮಾಡಿದ್ದೆ. ಅದಿರು ಒಡೆಯುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಒಂದು ದಿನ ಹೊಲದ ಬದಿಗೆ ಜೀಪು ನಿಂತಿತು. ಒಳಗೆ ಮನೋಹರ್ ಸರ್. ಯುನಿವರ್ಸಿಟಿಯಲ್ಲಿ ನನಗೆ ಪಾಠ ಮಾಡಿದವರು. ಸುತ್ತಿಗೆ ಹಿಡಿದ ನನ್ನನ್ನು ನೋಡಿ, "ಶಿಲ್ಪಶ್ರೀ, ನೀನು ಇಲ್ಲಿ..." ಎಂದು ಕಣ್ಣು ಒರೆಸಿಕೊಂಡರು. ಆ ಹೊಲದಲ್ಲಿ ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಾರೆ, ಧೂಳಿಗೆ. ಮಾರನೆಯ ದಿನದಿಂದ ನಾನು ಅವರ ಸಹಾಯಕಿ.

ವಿಷಯ ಇಷ್ಟು. ಅಣುವಿನಿಂದ ಕರೆಂಟು ಮಾಡುವ ಕಡೆ ಉರಿದು ಮುಗಿದ ಇಂಧನದ ಕಡ್ಡಿಗಳು ಉಳಿಯುತ್ತವೆ. ಉರಿದು ಮುಗಿದರೂ ಆರುವುದಿಲ್ಲ. ಮುಟ್ಟಿದವರು ಸಾಯುತ್ತಾರೆ. ಮುಟ್ಟದೆ ಹತ್ತಿರ ನಿಂತವರೂ ಸಾಯುತ್ತಾರೆ. ಅವನ್ನು ಉಕ್ಕಿನ ಪೀಪಾಯಿಗೆ ತುಂಬಿ, ಗಟ್ಟಿ ಕಲ್ಲಿನ ನೆಲದಲ್ಲಿ ಇಟ್ಟು, ಹತ್ತು ಸಾವಿರ ವರ್ಷ ಕಾಯಬೇಕು. ಗಟ್ಟಿ ಕಲ್ಲು ಹುಡುಕುತ್ತ ಒಂದು ಮಂಡಳಿ ಬೋಳುಗುಡ್ಡಕ್ಕೆ ಬಂತು. ಸುತ್ತಮುತ್ತ ಜನವಸತಿ ಇಲ್ಲ ಎಂದು ಬರೆದುಕೊಂಡಿತು. ನಾವು ಅರವತ್ತು ಮನೆ. ಆದರೆ ಇದು ಹಂಪಿಯ ಸೀಮೆ. ಹಳೆಯ ಕಲ್ಲು ಇದೆಯೋ ಇಲ್ಲವೋ ನೋಡದೆ ಗುಂಡಿ ತೋಡುವಂತಿಲ್ಲ. ಜನ ಇದ್ದರೆ ಅಡ್ಡಿಯಿಲ್ಲ, ಕಲ್ಲು ಇದ್ದರೆ ಅಡ್ಡಿ. ಕಲ್ಲು ನೋಡಲು ಇನ್ನೊಂದು ಕಮಿಟಿ. ಅದಕ್ಕೆ ಮನೋಹರ್ ಸರ್ ಮುಖ್ಯಸ್ಥರು.

ಕೇರಿಯವರು ಮೊದಲು ಬಂದವರನ್ನು ಅಣುವಿನವರು ಎಂದರು, ಆಮೇಲೆ ಬಂದವರನ್ನು ಪರಂಪರೆಯವರು ಎಂದರು. ನಾನು ಪರಂಪರೆಯವರ ಜೀಪಿನಲ್ಲಿ ಹಿಂದಿನ ಸೀಟು.

ಜನರ ಅಭಿಪ್ರಾಯ ಕೇಳುವ ಸಭೆ ಮೇಲಿನ ಕೇರಿಯ ಶಾಲೆಯಲ್ಲಿ ನಡೆಯಿತು. ಜಡೆಪ್ಪ ಗೌಡರು ಪಂಚಾಯ್ತಿ ಅಧ್ಯಕ್ಷರು. ಅವರಿಗೆ ಕುರ್ಚಿ. ನಮ್ಮವರಿಗೆ ಕಾಂಪೌಂಡಿನ ಆಚೆ ಬೇವಿನ ನೆರಳು. ಅಣುವಿನವರ ಕಡೆಯಿಂದ ಬೆಂಗಳೂರಿನ ಇಂಜಿನಿಯರ್ ಒಬ್ಬರು ಬಂದಿದ್ದರು. ಬಿಳಿ ಅಂಗಿ, ಬಿಳಿ ಹೆಲ್ಮೆಟ್. ಹೆಂಚಿನ ಸೂರಿನ ಕೆಳಗೂ ಹೆಲ್ಮೆಟ್ ತೆಗೆಯಲಿಲ್ಲ.

"ಭಯ ಬೇಡ," ಎಂದರು ಇಂಜಿನಿಯರ್. "ಕಾಯೋದು ನಮ್ಮ ಜವಾಬ್ದಾರಿ. ಒಂದೇ ಒಂದು ಸಮಸ್ಯೆ ಇದೆ. ಅದಕ್ಕೆ ಪ್ರಪಂಚದಲ್ಲೇ ಯಾರಿಗೂ ಉತ್ತರ ಗೊತ್ತಿಲ್ಲ. ಹತ್ತು ಸಾವಿರ ವರ್ಷ ಆದ್ಮೇಲೆ ಬರೋ ಜನಕ್ಕೆ ಕನ್ನಡ ಬರಲ್ಲ, ಇಂಗ್ಲಿಷ್ ಬರಲ್ಲ. ಇಲ್ಲಿಗೆ ಬರಬೇಡಿ, ಇದನ್ನ ಮುಟ್ಟಬೇಡಿ ಅಂತ ಅವರಿಗೆ ಹೇಗೆ ಹೇಳೋದು?"

ಕಾಂಪೌಂಡಿನ ಆಚೆಯಿಂದ ನನ್ನ ಅತ್ತೆ ತಾಯಕ್ಕ ಎದ್ದು ನಿಂತಳು.

"ಇದೇನು ದೊಡ್ಡದ್ರೀ ಸಾಹೇಬ್ರ! ಈ ಕೇರಿ ಬಾವಿ ಹತ್ರ ನಮಗ ಒಂದು ಬೋರ್ಡೂ ಹಾಕಿಲ್ಲ. ನಮ್ಮಜ್ಜ ಮುಟ್ಟಿಲ್ಲ, ನಮ್ಮಪ್ಪ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ. ಹೆಂಗ ಹೇಳ್ಬೇಕು ಅಂತ ನಮ್ಮ ಗೌಡ್ರನ್ನ ಕೇಳ್ರಿ. ಅವ್ರ ಮನ್ಯಾಗ ಸಣ್ಣ ಕೂಸಿಗೂ ಬರ್ತೈತಿ."

ನಮ್ಮವರು ನಕ್ಕರು. ಇಂಜಿನಿಯರ್ ನಿಜವಾಗಿಯೂ ಪೆನ್ನು ತೆಗೆದು ಗೌಡರ ಕಡೆ ತಿರುಗಿದರು. ಗೌಡರು ಗಡಿಯಾರ ನೋಡಿಕೊಂಡು ಚಹಾ ತರಿಸಿದರು. ಕುರ್ಚಿಯವರಿಗೆ ಪಿಂಗಾಣಿ ಕಪ್ಪು. ಬೇವಿನ ನೆರಳಿಗೆ ಪ್ಲಾಸ್ಟಿಕ್ ಲೋಟ. ಅದಕ್ಕೂ ಬೋರ್ಡು ಇರಲಿಲ್ಲ. ಚಹಾ ತಂದವನು ಒಮ್ಮೆಯೂ ತಪ್ಪಲಿಲ್ಲ.

ಬೋಳುಗುಡ್ಡದ ಮೇಲೆ ನಾಲ್ಕು ಕಂಬದ ಒಂದು ಮಂಟಪವಿದೆ. ವಿಜಯನಗರ ಕಾಲದ್ದು. ದೇವರಿಲ್ಲ. ಆಡು ಮಲಗುತ್ತವೆ. ಅಣುವಿನವರು ಅದರ ಪಕ್ಕದಲ್ಲೇ ಗುಂಡಿಗೆ ಗುರುತು ಹಾಕಿದ್ದರು. ಮನೋಹರ್ ಸರ್ ಕೆಂಡವಾದರು.

"ಐನೂರು ವರ್ಷದ ಮಂಟಪ ಇದು! ಪಕ್ಕದಲ್ಲಿ ವಿಷ ಇಡ್ತೀರಾ? ಕನಿಷ್ಠ ಮುನ್ನೂರು ಮೀಟರ್ ಆಚೆ ಹೋಗಿ."

"ಆಗಲಿ ಸರ್. ಯಾವ ಕಡೆ?" ಎಂದರು ಇಂಜಿನಿಯರ್.

ಸರ್ ಕೆಳಗೆ ಕೈ ತೋರಿಸಿದರು. "ಅಲ್ಲಿ ಏನೂ ಇಲ್ಲವಲ್ಲ."

ಟೇಪು ಹಿಡಿದು ಅಳೆದೆವು. ಒಂದು ತುದಿ ಮೇಲಿನವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಹಿಡಿದುಕೊಂಡು ಕಲ್ಲು ಮುಳ್ಳು ದಾಟಿ ಇಳಿದೆ. "ಸಾಕು, ನಿಲ್ಲು" ಎಂದು ಸರ್ ಕೂಗಿದಾಗ ನಿಂತೆ. ನಿಂತದ್ದು ಯಲ್ಲೇಶನ ತಲೆದೆಸೆಯಲ್ಲಿ. ನಾಯಿ ಕೆದರದಂತೆ ಅಲ್ಲಿ ಇಟ್ಟ ಕರಿಜಾಲಿ ಮುಳ್ಳಿಗೆ ಇನ್ನೂ ಗೆದ್ದಲು ಹಿಡಿದಿರಲಿಲ್ಲ.

ಸರ್ ಇಳಿದು ಬಂದರು. ಕೈಯಲ್ಲಿ ಸುಣ್ಣದ ಡಬ್ಬಿ.

"ಸರ್, ಇಲ್ಲಿ ನಮ್ಮವರಿದ್ದಾರೆ."

ಸರ್ ಸುತ್ತ ನೋಡಿದರು. "ಎಲ್ಲಿ?"

"ಕೆಳಗೆ."

ಸರ್ ಒಂದು ಹೆಜ್ಜೆ ಹಿಂದೆ ಸರಿದರು. ಅಲ್ಲೂ ಒಬ್ಬರಿದ್ದರು. ಹೇಳಲಿಲ್ಲ.

"ಸುಡುಗಾಡಾ? ಗೊತ್ತೇ ಆಗೋದಿಲ್ಲವಲ್ಲಮ್ಮ. ಒಂದು ಕಲ್ಲಾದರೂ ನಿಲ್ಲಿಸಬಾರದಾ?"

"ನಿಲ್ಲಿಸಲು ಬಿಟ್ಟಿಲ್ಲ ಸರ್. ನಮ್ಮ ಮಾವನ ಕಾಲದಲ್ಲಿ ಒಂದು ನಿಲ್ಲಿಸಿದ್ದರು. ಬಿತ್ತನೆಗೆ ಹೋಗುವಾಗ ನಿಮ್ಮ ಹೆಣದ ಕಲ್ಲು ಮುಖಕ್ಕೆ ಬರುತ್ತದೆ ಎಂದು ಮೇಲಿನ ಕೇರಿಯವರು ಕೀಳಿಸಿದರು. ಕಿತ್ತವರು ನಾವೇ. ಹೊತ್ತು ಹಾಕಿದವರೂ ನಾವೇ."

"ಛೇ," ಎಂದರು ಸರ್. ನಿಜವಾಗಿಯೂ ನೊಂದುಕೊಂಡರು. "ಆದರೆ ನಮಗೆ ಪುರಾವೆ ಬೇಕಲ್ಲ. ಎಷ್ಟು ಹಳೆಯದು ಅಂತ ಏನು ಬರೆಯಲಿ?"

"ಯಾರ ಕೆಳಗೆ ಯಾರಿದ್ದಾರೆ ಎಂದು ಕೇರಿಯವರು ಹೇಳುತ್ತಾರೆ ಸರ್."

"ಬಾಯಿಮಾತಮ್ಮ ಅದು. ಮೂರು ತಲೆಮಾರು ದಾಟಿದ ಬಾಯಿಮಾತನ್ನ ನಂಬೋ ಹಾಗಿಲ್ಲ."

ಮೂರು ತಲೆಮಾರಿನ ನೆನಪನ್ನು ನಂಬದ ಕಮಿಟಿಯೂ ನಾನೂರು ತಲೆಮಾರು ನೆನಪಿಟ್ಟು ಕಾಯುತ್ತೇವೆ ಎನ್ನುವ ಮಂಡಳಿಯೂ ಅಂದು ಒಂದೇ ಜೀಪಿನ ನೆರಳಿನಲ್ಲಿ ಚಿತ್ರಾನ್ನ ತಿಂದವು.

ಊಟವಾದ ಮೇಲೆ ಕೇಳಿದೆ. "ಅಗೆದು ನೋಡಬಹುದಲ್ಲ ಸರ್?"

"ಅಗೆತಕ್ಕೆ ಡೆಲ್ಲಿಯಿಂದ ಅನುಮತಿ ಬರಬೇಕು. ವರ್ಷ ಆಗುತ್ತೆ. ವರದಿ ಈ ತಿಂಗಳೇ ಕೊಡಬೇಕು. ಅಲ್ಲಿವರೆಗೂ ಇಲ್ಲಿ ಯಾರೂ ಸಲಿಕೆ ಹಾಕೋ ಹಾಗಿಲ್ಲ."

"ಹೆಣ ಹೂಳಲು?"

ಸರ್ ಇಂಜಿನಿಯರ್ ಮುಖ ನೋಡಿದರು. ಇಂಜಿನಿಯರ್ ಹೆಲ್ಮೆಟ್ ಸರಿ ಮಾಡಿಕೊಂಡರು. ಇಬ್ಬರೂ ಪಿಸುಗುಟ್ಟಿದರು. "ಅದು ಅಗೆತದಲ್ಲಿ ಬರೋದಿಲ್ಲ," ಎಂದರು ಸರ್ ಕೊನೆಗೆ. "ಅದು ಸಂಸ್ಕಾರ. ಅದಕ್ಕೆ ಯಾರ ಅನುಮತಿಯೂ ಬೇಡ."

ಸಂಜೆ ಕೇರಿಯ ಕಟ್ಟೆಗೆ ಹೋಗಿ ಹೇಳಿದೆ. ಒಂದು ಹೆಣ ಸಿಕ್ಕರೆ ಕುಣಿ ತೋಡಬಹುದು. ಕುಣಿ ತೋಡಿದರೆ ಕೆಳಗೆ ಎಷ್ಟು ಹಳೆಯವರಿದ್ದಾರೆ ಎಂದು ಸರ್‌ಗೆ ತೋರಿಸಬಹುದು. ಎಲ್ಲರಿಗೂ ಸರಿ ಎನಿಸಿತು. ಹೆಣ ಮಾತ್ರ ಇರಲಿಲ್ಲ. ನಮ್ಮ ಕೇರಿಯಲ್ಲಿ ಸಾವಿಗೆ ಯಾವತ್ತೂ ಬರ ಬಂದದ್ದಿಲ್ಲ. ಧೂಳು ಕುಡಿದು ಕೆಮ್ಮಿ ಸಾಯುತ್ತಾರೆ. ಗಣಿಯಲ್ಲಿ ಸಾಯುತ್ತಾರೆ. ರಸ್ತೆ ದಾಟುವಾಗ ಸಾಯುತ್ತಾರೆ. ಬೇಕಾದಾಗ ಒಬ್ಬರೂ ಇಲ್ಲ.

ಎಲ್ಲರ ಕಣ್ಣು ಮುದುಕಪ್ಪಜ್ಜನ ಮೇಲೆ ಬಿತ್ತು. ವರ್ಷಗಟ್ಟಲೆ ಹೊರಸು ಬಿಟ್ಟು ಎದ್ದವನಲ್ಲ. ಬೆಳಗಾಗುತ್ತಲೇ ಜನ ಹೋಗಿ ಕ್ಷೇಮ ಕೇಳತೊಡಗಿದರು.

"ಹೆಂಗದೀಯಪ್ಪ ಯಜ್ಜ?"

"ಅದೀನಪ್ಪ."

"ಎದಿ ಗಿದಿ ನೋಯಾಕತ್ತೈತೇನು?"

"ಇಲ್ಲಲೇ."

"ಉಸಿರು ಗಿಸಿರು?"

"ಆಡಾಕತ್ತೈತಿ."

"ಹೌದಾ," ಎಂದು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು. ಇಣುಕಿಯೂ ನೋಡದವರು ದಿನಕ್ಕೆರಡು ಸಲ ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಮುದುಕಪ್ಪಜ್ಜ ಸಿಟ್ಟಿಗೆ ಎದ್ದು ಕೂತ. ಗಂಜಿ ಕೇಳಿ ಕುಡಿದ. ವಾರ ಕಳೆಯುವುದರೊಳಗೆ ಕೋಲು ಹಿಡಿದು ಕೇರಿ ಸುತ್ತಿದ. "ನಿಮ್ಮನ್ನೆಲ್ಲ ಮಣ್ಣಾಗಿಟ್ಟು ಹೋಗಾಂವ ನಾನು" ಎಂದು ಒಂದೊಂದು ಮನೆಯ ಮುಂದೆಯೂ ನಿಂತು ಹೇಳಿ ಬಂದ.

ಆಗ ತಾಯಕ್ಕ, "ನನ್ನ ಕುಣಿ ತೋಡ್ರಿ" ಎಂದಳು.

"ನೀನು ಸತ್ತಿಲ್ಲಲ್ಲಬೇ," ಎಂದ ಹುಲುಗಪ್ಪ. ಕೇರಿಯ ಕುಣಿಗಳನ್ನೆಲ್ಲ ತೋಡುವವನು ಅವನೇ.

"ಗೌಡ್ರ ಅಪ್ಪ ಸತ್ತಿದ್ನೇನು? ಗಟ್ಟಿಮುಟ್ಟಾಗಿ ಇದ್ದಾಗನ ಹೊಲದಾಗ ಸಮಾಧಿ ಕಟ್ಟಿಸ್ದ. ಗ್ರಾನೈಟ್ ಹಾಕ್ಸಿ ದಿನಾ ಸಂಜೀಕ ಅದರ ಮ್ಯಾಲೆ ಕುಂತು ಗಾಳಿ ತಗೊಂತಿದ್ದ. ಯಾರರ ಕೇಳಿದ್ರೇನು? ಅವ ಕಟ್ಟಿಸ್ಕೋಬಹುದು, ನಾನು ತೋಡಿಸ್ಕೋಬಾರದಾ? ನನ್ನ ಮಗನ ಮಗ್ಗಲಿಗೆ ತೋಡ್ರಿ."

ಅಲ್ಲಿಯವರೆಗೆ ನಗುತ್ತಿದ್ದ ಹುಲುಗಪ್ಪ ಕೊನೆಯ ಮಾತಿಗೆ ತಲೆಯಾಡಿಸಿ, ಸೋಮವಾರ ತೋಡುತ್ತೇನೆ ಎಂದ.

ಮಾರನೆಯ ದಿನ ಸರ್‌ಗೆ ಹೇಳಿದೆ. "ಸೋಮವಾರ ನಮ್ಮಲ್ಲಿ ಕುಣಿ ತೋಡುತ್ತಾರೆ ಸರ್. ನೀವು ಬಂದು ನೋಡಬಹುದು."

"ಅಯ್ಯೋ. ಯಾರು ತೀರಿಕೊಂಡರು?"

"ನಮ್ಮ ಅತ್ತೆ."

"ಛೇ ಛೇ. ಯಾವಾಗ?"

"ಇನ್ನೂ ಇಲ್ಲ."

ತಮಾಷೆಯೇನೋ ಎಂದು ಸರ್ ನನ್ನ ಮುಖ ನೋಡಿದರು. ಯಲ್ಲೇಶ್ ಹೋದ ಮೇಲೆ ನನ್ನ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಕೊನೆಗೆ ಬರುತ್ತೇನೆಂದರು. ಅಗೆತ ಎಂದರೆ ಅವರಿಗೆ ಆಸೆ.

ಸೋಮವಾರ ಬೆಳಿಗ್ಗೆ ಕೇರಿ ಪೂರ್ತಿ ಸುಡುಗಾಡಿನಲ್ಲಿತ್ತು. ತಾಯಕ್ಕ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು, ಒಂದು ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ ತನ್ನ ಕುಣಿಯ ಮೇಲ್ವಿಚಾರಣೆ ಮಾಡಿದಳು.

"ಅಗಲ ಮಾಡೋ ಹುಲುಗ. ನಾನು ಮಗ್ಗಲಾಗಿ ಮಲಗಾಕಿ."

"ಆವಾಗ ಮಗ್ಗಲು ಗಿಗ್ಗಲು ಇರಂಗಿಲ್ಲಬೇ. ನಾವು ಹೆಂಗ ಇಡ್ತೀವೋ ಹಂಗ."

"ಇಡ್ತೀ ನೀನು. ನಿನ್ನ ಕೈಯಾಗ ಸಿಕ್ರ ತಲಿಕೆಳಗ ಇಡ್ತೀ."

ಹುಲುಗಪ್ಪ ಗುದ್ದಲಿ ಹಾಕಿದ. ಮೇಲೆ ಕೆಂಪು ಧೂಳು. ಅದರ ಕೆಳಗೆ ಮೊರಂ. ಅಂಗಿ ಬೆವರಿಗೆ ಬೆನ್ನಿಗಂಟಿತು. ಸೊಂಟದ ಆಳಕ್ಕೆ ಹೋದಾಗ ಎಲುಬು ಸಿಕ್ಕಿ ಗುದ್ದಲಿ ನಿಂತಿತು. ನಮ್ಮ ಸುಡುಗಾಡಿಗೆ ಕೊಟ್ಟಿರುವುದು ಒಂದು ತುಂಡು ಜಾಗ. ಒಬ್ಬರ ಮೇಲೆ ಒಬ್ಬರನ್ನು ಇಡಬೇಕು. ಎಲುಬು ಸಿಕ್ಕರೆ ಗುದ್ದಲಿ ಬಿಟ್ಟು ಕೈಯಲ್ಲಿ ಮಣ್ಣು ಸರಿಸುತ್ತಾರೆ, ಮಾತಾಡಿಸುತ್ತಾರೆ.

"ಯಪ್ಪಾ, ಸ್ವಲ್ಪ ಸರ್ಕೊಳ್ಳೋ. ನಮ್ಮ ತಾಯಕ್ಕ ಬರಾಕತ್ತಾಳ," ಎಂದ ಹುಲುಗಪ್ಪ. ಒಂದು ದವಡೆ ಎತ್ತಿ ತೋರಿಸಿದ. "ಎರ್ರಿಯಪ್ಪಜ್ಜ ಇವ."

"ಎರ್ರಿಯಪ್ಪಂಗ ಹಲ್ಲೇ ಇರ್ಲಿಲ್ಲಲೇ," ಎಂದಳು ತಾಯಕ್ಕ. "ಇದರಾಗ ನೋಡು, ಮಸ್ತ್ ಹಲ್ಲದಾವ."

"ಹಂಗಾದ್ರ ನಿಮ್ಮತ್ತಿ ಪಂಪಮ್ಮ."

"ನಮ್ಮತ್ತಿ ಬಾಯಿ ಇಷ್ಟು ಸಣ್ಣದಿತ್ತೇನು? ಊರು ನುಂಗೋಹಂಗಿತ್ತು."

"ಮತ್ತ ಯಾರಬೇ ಇದು?"

"ಯಾರರ ಆಗ್ಲಿ, ನಮ್ಮ ಪೈಕಿ. ಬದಿಗಿಡು."

ಬದಿಗಿಟ್ಟ. ಅದರ ಕೆಳಗೆ ಇನ್ನೊಬ್ಬರು. ಅವರ ಕೆಳಗೆ ಗಾಜಿನ ಬಳೆಯ ಚೂರು. ಇನ್ನೂ ಕೆಳಗೆ ಗುದ್ದಲಿಗೆ ಟಣ್ ಎಂದಿತು. ಕರಿ ಬಾಯಿಯ, ಕೆಂಪು ಹೊಟ್ಟೆಯ ಮಡಕೆಯ ಅಂಚು.

ಸರ್ ಕಿರುಚಿದರು. "ಮುಟ್ಟಬೇಡ! ಮೇಲೆ ಬಾ! ಮೇಲೆ ಬಾ!"

ಹುಲುಗಪ್ಪ ಮೇಲೆ ಬರಲು ಕೈ ಚಾಚಿದ. ತಾಯಕ್ಕ ಕೂತಲ್ಲಿಂದಲೇ ಕೇಳಿದಳು. "ಯಾರ ಪೈಕಿ ನೀನು?"

"ಎರ್ರಿಯಪ್ಪನ ಪೈಕಿ."

ಇಬ್ಬರು ಕೈ ಕೊಟ್ಟು ಎಳೆದುಕೊಂಡರು. ಇದು ನಮ್ಮ ಪದ್ಧತಿ. ಕುಣಿಗೆ ಇಳಿದವನು ಅಲ್ಲಿ ಮಲಗಿದ ಯಾರಾದರೊಬ್ಬರ ಹೆಸರು ಹೇಳಿ ಅವರ ಪೈಕಿ ಎನ್ನಬೇಕು. ಹೇಳದೆ ಹತ್ತಿದರೆ ಕೆಳಗಿನವರು ಯಾರೋ ಹೊಸಬ ಎಂದು ವಿಚಾರಿಸಲು ಅವನ ಮನೆತನಕ ಬರುತ್ತಾರೆ.

ಸರ್‌ಗೆ ಇದೆಲ್ಲ ಕೇಳುವಷ್ಟು ವ್ಯವಧಾನ ಇರಲಿಲ್ಲ. ಆಗಲೇ ಕುಣಿಗೆ ಹಾರಿದ್ದರು. ಗಿಡ್ಡ ಮನುಷ್ಯ. ಕುಣಿ ಅವರ ಗದ್ದದವರೆಗೆ ಬಂತು. ಕರಣೆಯಿಂದ ಮಣ್ಣು ಕೆರೆದರು. ಮಡಕೆಗೆ ಮುತ್ತು ಕೊಡುತ್ತಾರೇನೋ ಎನಿಸಿತು.

"ಬೃಹತ್ ಶಿಲಾಯುಗ! ಎರಡೂವರೆ ಸಾವಿರ ವರ್ಷ! ಶಿಲ್ಪಶ್ರೀ, ಬರಿ, ಬರಿ! ಇಲ್ಲಿ ಪರಂಪರೆ ಇದೆ!"

ಕೇರಿ ಚಪ್ಪಾಳೆ ಹೊಡೆಯಿತು. ಮುದುಕಪ್ಪಜ್ಜ ಕೋಲು ಎತ್ತಿ ಕುಣಿದ. ಗೆದ್ದೆವು ಎಂದುಕೊಂಡೆವು.

ಇಂಜಿನಿಯರ್ ಕುಣಿಯ ದಂಡೆಗೆ ಬಂದು ಬಗ್ಗಿದರು. "ಸರ್, ಒಂದು ಮಡಕೆಗೋಸ್ಕರ ಎಲ್ಲಾ ನಿಲ್ಲಿಸ್ತೀರಾ? ಅದನ್ನ ತೆಗೆದು ಮ್ಯೂಸಿಯಂನಲ್ಲಿ ಇಡಬಹುದಲ್ಲ? ಖರ್ಚು ನಮ್ಮದೇ. ಗಾಜಿನ ಪೆಟ್ಟಿಗೆ, ಲೈಟು, ಕೆಳಗೆ ನಿಮ್ಮ ಹೆಸರು."

ಸರ್ ಯೋಚಿಸಿದರು. ಯೋಚಿಸುವುದು ಮುಖದಲ್ಲಿ ಕಾಣುತ್ತಿತ್ತು. "ರಕ್ಷಣಾ ಉತ್ಖನನ ಅಂತ ಮಾಡಬಹುದು," ಎಂದರು ಮೆಲ್ಲಗೆ. "ಪ್ರಾಚೀನ ಪದರ ಪೂರ್ತಿ ತೆಗೆದು ಸ್ಥಳಾಂತರ ಮಾಡೋದು. ಆಮೇಲೆ ಜಾಗ ಖಾಲಿ. ನಿಮಗೆ ಬಿಟ್ಟುಕೊಡಬಹುದು. ಮೊದಲು ಮೇಲಿನ ಪದರ ತೆಗೆಸಿ ಹಾಕಬೇಕು. ಅದು ಇತ್ತೀಚಿನದು. ಮಹತ್ವ ಏನಿಲ್ಲ, ಬರೀ ಕಲಬೆರಕೆ."

ಹೀಗೆ ಹೇಳುತ್ತ ಕುಣಿಯ ಪಕ್ಕದ ಗೋಡೆಗೆ ಕರಣೆ ಚುಚ್ಚಿದರು. ಅಲ್ಲಿ ಮಣ್ಣು ಸಡಿಲವಿತ್ತು. ಅದಿರಿನ ಧೂಳು ಬೆರೆತು ಕೆಂಪಗಿತ್ತು. "ನೋಡಿ, ಇಲ್ಲಿ ಎಷ್ಟು ಸಡಿಲ ಇದೆ," ಎಂದು ಇನ್ನೊಮ್ಮೆ ಚುಚ್ಚಿದರು. ಮಣ್ಣು ಪುಡಿಪುಡಿಯಾಗಿ ಉದುರಿತು.

"ಅಲ್ಲಿ ಚುಚ್ಚಬೇಡಿ ಸರ್."

"ಯಾಕಮ್ಮ?"

"ಆ ಮೇಲಿನ ಪದರ ನನ್ನ ಗಂಡ."

ಸರ್ ಕರಣೆ ಕೆಳಗಿಳಿಸಿದರು. ಆಮೇಲೆ ಅವರ ಮುಖ ಕಚೇರಿಯ ಮುಖವಾಯಿತು.

"ಇದನ್ನ ಮೊದಲೇ ಹೇಳಬೇಕಿತ್ತು ನೀನು. ಪರಿಶೀಲನೆ ಮಾಡೋ ಜಾಗದಲ್ಲಿ ಸಂಬಂಧಿಕರು ಇರೋರು ಕಮಿಟಿಯಲ್ಲಿ ಇರೋ ಹಾಗಿಲ್ಲ. ಮೊದಲನೇ ನಿಯಮ ಅದು. ಬದುಕಿರಲಿ, ಸತ್ತಿರಲಿ. ನಿಮ್ಮಲ್ಲೂ ಹಾಗೇ ಅಲ್ವಾ?"

"ನಮ್ಮಲ್ಲಿ ಇನ್ನೂ ಸ್ಟ್ರಿಕ್ಟು ಸರ್," ಎಂದರು ಇಂಜಿನಿಯರ್.

"ಕೇಳಿದೆಯಾ? ನಾಳೆಯಿಂದ ಬರೋದು ಬೇಡ. ಇಲ್ಲಿ ಈಚಿನ ಕಾಲದ ಮಹತ್ವದ್ದು ಏನೂ ಇಲ್ಲ ಅಂತ ಒಂದು ಸಾಲು ಬರೆದು, ನಿನ್ನೆ ತಾರೀಕು ಹಾಕಿ, ಸಹಿ ಮಾಡಿ ಹೋಗು. ನಿನ್ನೆ ನೀನು ಕಮಿಟಿಯಲ್ಲೇ ಇದ್ದೆಯಲ್ಲ."

"ಮಾಡುವುದಿಲ್ಲ."

"ಏನು?"

"ಸಹಿ ಮಾಡುವುದಿಲ್ಲ. ಪದರಗಳನ್ನು ಮೇಲಿನಿಂದ ಎಣಿಸಬೇಕು, ಒಂದನೆಯದನ್ನು ಬಿಟ್ಟವನಿಗೆ ಎರಡನೆಯದು ಸಿಗುವುದಿಲ್ಲ ಎಂದು ಪಾಠ ಮಾಡಿದವರು ನೀವು. ಒಂದನೆಯವನು ಯಲ್ಲೇಶ್. ನಾನು ಅವನನ್ನು ಬಿಟ್ಟು ಬರೆಯುವುದಿಲ್ಲ."

ಟೇಪು, ಪೆನ್ನು, ಅವರು ಕೊಟ್ಟಿದ್ದ ನೀಲಿ ಟೋಪಿ, ಎಲ್ಲ ದಂಡೆಯ ಮೇಲಿಟ್ಟೆ.

"ಆಯ್ತು ಬಿಡು. ಸಹಿ ಮಾಡೋರು ನೂರು ಜನ ಸಿಗ್ತಾರೆ," ಎಂದರು ಸರ್. ಮೇಲೆ ಬರಲು ಕೈ ಚಾಚಿದರು.

ಯಾರೂ ಕೈ ಕೊಡಲಿಲ್ಲ.

"ಯಾರ ಪೈಕಿ ನೀನು?" ಎಂದಳು ತಾಯಕ್ಕ.

"ಏನಮ್ಮ ಇದು? ನಾನು ಕಮಿಟಿ ಪೈಕಿ."

"ಆ ಹೆಸರಿನ ಹೆಣ ಇಲ್ಲಿಲ್ಲಪ್ಪ."

"ಸರ್ಕಾರದ ಪೈಕಿ ಅಂತ ಇಟ್ಕೊಳ್ಳಿ."

"ಸರ್ಕಾರನ್ನ ಇಲ್ಲಿ ಹೂಳಿಲ್ಲ ಇನ್ನಾ," ಎಂದ ಹುಲುಗಪ್ಪ.

ಇಂಜಿನಿಯರ್‌ಗೆ ರೋಷ ಬಂತು. "ಬನ್ನಿ ಸರ್, ನಾನು ಎಳೀತೀನಿ" ಎಂದು ಬಗ್ಗಿ ಕೈ ಕೊಟ್ಟರು. ಸರ್ ಗಿಡ್ಡಗಿದ್ದರೂ ತೂಕದವರು. ದಂಡೆಯ ಮಣ್ಣು ಜಾರಿತು. ಹೆಲ್ಮೆಟ್ ಮೊದಲು ಹೋಯಿತು, ಹಿಂದೆಯೇ ಇಂಜಿನಿಯರ್ ಹೋದರು. ಸೊಂಟದ ಪೆಟ್ಟಿಗೆಯಲ್ಲಿದ್ದ ಅಣು ಅಳೆಯುವ ಯಂತ್ರ ಟಿಕ್ ಟಿಕ್ ಎನ್ನತೊಡಗಿತು.

"ಏನದು?" ಎಂದರು ಸರ್ ಗೋಡೆಗೆ ಅಂಟಿಕೊಂಡು.

"ಏನಿಲ್ಲ ಸರ್, ಈ ಸೀಮೆ ಕಲ್ಲೇ ಹಂಗೆ."

"ನಿಲ್ಲಿಸ್ರೀ ಅದನ್ನ!"

ಜೀಪಿನ ಡ್ರೈವರ್ ಬಿರಿಯಾನಿ ತರಲು ಹೊಸಪೇಟೆಗೆ ಹೋಗಿದ್ದ. ಬಿಸಿಲು ನೆತ್ತಿಗೆ ಬಂತು. ಸುದ್ದಿ ತಿಳಿದು ಜಡೆಪ್ಪ ಗೌಡರು ಬುಲೆಟ್ ಗಾಡಿಯ ಮೇಲೆ ಬಂದರು. ದಾರಿ ಬದಿಯ ಕಳ್ಳಿ ಬೇಲಿಯ ಆಚೆಯೇ ನಿಲ್ಲಿಸಿದರು.

"ಗೌಡರೇ, ಬನ್ನಿ, ಕೈ ಕೊಡಿ!" ಎಂದು ಸರ್ ಕೂಗಿದರು.

"ಬರ್ತಿದ್ದೆ ಸಾರ್," ಎಂದರು ಗೌಡರು. "ಆದ್ರ ಇವತ್ತು ಸೋಮವಾರ ನೋಡ್ರಿ. ಮನ್ಯಾಗ ಪೂಜಿ ಐತಿ. ಇವ್ರ ಸುಡುಗಾಡು ತುಳದ್ರ ಮತ್ತ ಜಳಕ ಮಾಡ್ಬೇಕು."

"ಮಾಡ್ರೀ ಜಳಕ! ಏನೀಗ?"

"ಬೋರ್‌ನ್ಯಾಗ ನೀರಿಲ್ಲ ಸಾರ್. ಗಣಿ ಶುರುವಾದಾಗಿಂದ ಒಣಗೈತಿ."

ಗಣಿ ಅವರದೇ. ಕೇರಿ ಬಿದ್ದು ಬಿದ್ದು ನಕ್ಕಿತು. ಕುಣಿಯ ದಂಡೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿತು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾವು ಇಬ್ಬರನ್ನೂ ತಡೆದಿರಲಿಲ್ಲ. ಬೈದಿರಲಿಲ್ಲ. ಮುಟ್ಟಿರಲಿಲ್ಲ, ಅಷ್ಟೇ. ಮುಟ್ಟದೇ ಇರುವುದನ್ನು ಮೊದಲ ಸಲ ನಾವು ಮಾಡಿದೆವು.

ಹೊತ್ತು ಹೋಯಿತು. ಇಂಜಿನಿಯರ್ ಬಿಳಿ ಅಂಗಿ ಕೆಂಪಾಯಿತು. ಅವರೇ ಮೊದಲು ಸೋತರು.

"ಹೇಳಿಬಿಡಿ ಸರ್. ಬಾಯಿಮಾತು ತಾನೇ. ಏನಾಗುತ್ತೆ?"

ಸರ್ ನನ್ನ ಕಡೆ ನೋಡಿದರು. ಸಡಿಲ ಮಣ್ಣಿನ ಕಡೆ ನೋಡಿದರು. ತುಟಿ ಒಣಗಿತ್ತು.

"ಯಲ್ಲೇಶನ ಪೈಕಿ," ಎಂದರು.

"ಕೇಳಿಸ್ಲಿಲ್ಲ," ಎಂದಳು ತಾಯಕ್ಕ. ಅವಳಿಗೆ ಕಿವಿ ಚುರುಕು.

"ಯಲ್ಲೇಶನ ಪೈಕಿ! ಯಲ್ಲೇಶನ ಪೈಕಿ ನಾನು!"

ಹುಲುಗಪ್ಪ ಕೈ ಕೊಟ್ಟ. ಸರ್ ಮೇಲೆ ಬಂದು ನೆಲದ ಮೇಲೆ ಕೂತರು.

"ಸೇಮ್," ಎಂದರು ಇಂಜಿನಿಯರ್ ಕೆಳಗಿನಿಂದ. "ನನ್ನದೂ ಸೇಮ್."

"ಸೇಮ್ ಅನ್ನಾಂವ ಯಾರೂ ಇಲ್ಲಿ ಸತ್ತಿಲ್ಲ. ಬಾಯಿಬಿಟ್ಟು ಹೇಳಪ್ಪ," ಎಂದಳು ತಾಯಕ್ಕ.

ಅವರೂ ಹೇಳಿದರು. ಅವರನ್ನೂ ಎಳೆದುಕೊಂಡರು. ಹೆಲ್ಮೆಟ್ ತೆಗೆದುಕೊಟ್ಟರು.

ನಾನು ಸರ್ ಮುಂದೆ ಹೋಗಿ ನಿಂತೆ. "ಸರ್, ಈಗ ಕಮಿಟಿಯಲ್ಲಿ ಯಾರೂ ಉಳಿದಿಲ್ಲ."

"ಏನು?"

"ಜಾಗದಲ್ಲಿ ಸಂಬಂಧಿಕರು ಇರುವವರು ಇರುವಂತಿಲ್ಲ. ಬದುಕಿರಲಿ, ಸತ್ತಿರಲಿ. ಇಬ್ಬರೂ ಯಲ್ಲೇಶನ ಪೈಕಿ ಎಂದು ಅರವತ್ತು ಮನೆಯ ಮುಂದೆ ಹೇಳಿದ್ದೀರಿ. ಪಂಚಾಯ್ತಿ ಅಧ್ಯಕ್ಷರೂ ಇದ್ದಾರೆ."

"ನಾನು ದೂರ ಅದೀನಿ. ನನಗೇನೂ ಕೇಳ್ಸಿಲ್ಲ," ಎಂದರು ಗೌಡರು ಬೇಲಿಯಾಚೆಯಿಂದ.

"ಹಂಗಾದ್ರ ಒಳಗ ಬಂದು ಕೇಳ್ರಿ ಗೌಡ್ರ," ಎಂದ ಮುದುಕಪ್ಪಜ್ಜ. "ಇನ್ನೊಂದ್ಸಲ ಹೇಳಸ್ತೀವಿ."

ಗೌಡರು ಬುಲೆಟ್ ಚಾಲೂ ಮಾಡಿದರು.

"ಇದೆಲ್ಲ ಕಾನೂನಿನ ಮುಂದೆ ನಿಲ್ಲೋದಿಲ್ಲಮ್ಮ," ಎಂದರು ಸರ್ ನನಗೆ. ಸಿಟ್ಟಿರಲಿಲ್ಲ. ಸುಸ್ತಾಗಿತ್ತು.

"ನಿಲ್ಲದಿರಲಿ ಸರ್. ನೂರು ಜನ ಸಿಗುತ್ತಾರೆ ಎಂದಿರಿ. ಬರಲಿ. ಜಾಗ ನೋಡದೆ ಬರೆಯುವಂತಿಲ್ಲ. ನೋಡಲು ಕುಣಿಗೆ ಇಳಿಯಬೇಕು. ಇಳಿದವರು ಹತ್ತಬೇಕು."

ಅಷ್ಟರಲ್ಲಿ ಬಿರಿಯಾನಿ ಬಂತು. ಇಬ್ಬರೂ ಅದನ್ನು ಮುಟ್ಟದೆ ಜೀಪು ಹತ್ತಿದರು. ಸರ್ ಅಭ್ಯಾಸ ಬಲದಿಂದ ಕೈ ಮುಗಿದು, "ಬರ್ತೀನಮ್ಮ" ಎಂದುಬಿಟ್ಟರು. ಸುಡುಗಾಡಿನಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಹೇಳಿದ ಮೇಲೆ ಅವರಿಗೂ ತಿಳಿಯಿತು. ಬಾಯಿ ತೆರೆದೇ ಇತ್ತು.

"ಬಾರಪ್ಪ," ಎಂದಳು ತಾಯಕ್ಕ. "ನಮ್ಮ ಪೈಕಿ ಅಂದಮ್ಯಾಲೆ ಜಾಗ ಮಾಡ್ತೀವಿ."

ಜೀಪು ಹೋಯಿತು. ಬಿರಿಯಾನಿ ಹಂಚಿದರು. ಮುದುಕಪ್ಪಜ್ಜ ಎರಡು ಸಲ ಹಾಕಿಸಿಕೊಂಡ.

ನಾನು ಕುಣಿಗೆ ಇಳಿದೆ. ಯಾರೂ ಬೇಡ ಎನ್ನಲಿಲ್ಲ. ಕರಣೆ ಚುಚ್ಚಿದಲ್ಲಿ ಎರಡು ತೂತು ಇದ್ದವು. ಉದುರಿದ ಮಣ್ಣು ಬೊಗಸೆಯಲ್ಲಿ ಎತ್ತಿ ತುಂಬಿದೆ. ಅಂಗೈಯಿಂದ ಒತ್ತಿದೆ. ಮಣ್ಣು ತಂಪಾಗಿತ್ತು. ಇನ್ನೂ ಒತ್ತಿದೆ. ತೂತು ಮುಚ್ಚಿದ ಮೇಲೂ ಕೈ ತೆಗೆಯಲಿಲ್ಲ. ಕೆಳಗೆ ಸದ್ದಿರಲಿಲ್ಲ. ಟಿಪ್ಪರ್ ಕೇಳಿಸುತ್ತಿರಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕೂತೆ.

"ಯಾರ ಪೈಕಿ ನೀನು?" ಎಂದಳು ತಾಯಕ್ಕ ಮೇಲಿನಿಂದ.

ನಾನು ಗೋಡೆಗೆ ಕೆನ್ನೆ ಆನಿಸಿದೆ.

"ಶಿಲ್ಪಾ. ಯಾರ ಪೈಕಿ ನೀನು?"

ಹುಲುಗಪ್ಪ ಚಾಚಿದ ಕೈ ಹಾಗೇ ಹಿಡಿದುಕೊಂಡಿದ್ದ. "ಹೇಳವ್ವ ಜಲ್ದಿ. ಬಿಸಿಲು ಭಾಳ ಐತಿ."

ತಾಯಕ್ಕ ಕಲ್ಲು ಬಿಟ್ಟು ಎದ್ದು ಬಂದಳು. ದಂಡೆಯ ಮೇಲೆ ಮೊಣಕಾಲೂರಿ ಬಗ್ಗಿದಳು. ಎಲೆ ಅಡಿಕೆಯ ಬಾಯಿ ನಿಂತಿತ್ತು.

"ಹೇಳಬೇ," ಎಂದಳು. "ಹೇಳದಿದ್ರ ನಾನೂ ಇಳೀತೀನಿ ನೋಡು."

"ತಾಯಕ್ಕನ ಪೈಕಿ," ಎಂದೆ.

ಹುಲುಗಪ್ಪ ತಲೆ ಕೆರೆದುಕೊಂಡ. "ಹಂಗ ನಡಿಯಂಗಿಲ್ಲವ್ವ. ಸತ್ತೋರ ಹೆಸರು ಹೇಳ್ಬೇಕು."

"ನಡೀತೈತಿ," ಎಂದಳು ತಾಯಕ್ಕ. "ಕುಣಿ ನಂದು. ಎತ್ತೋ ನನ್ನ ಸೊಸೀನ."